ಪಾಳಿಪಟ್ಟಿಯ ವ್ಯಾಖ್ಯೆ: ನೇಮಕಾತಿ ಪತ್ರದ ಒಂದು ಸಾಲು ಮತ್ತು ಮನೆಯ ದಿನಚರಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಸಾಹತಿನಲ್ಲಾಗಲಿ, ಗಡಿಯಾಚೆಯ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಗಳಲ್ಲಾಗಲಿ ಕೆಲಸಕ್ಕೆ ಸೇರುವ ನಮ್ಮವರ ಕೈಗೆ ಬರುವ ನೇಮಕಾತಿ ಪತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಸಂಬಳದ ಅಂಕಿಯನ್ನು ಎಲ್ಲರೂ ಓದುತ್ತೇವೆ. ಪರೀಕ್ಷಾವಧಿ ಎಷ್ಟು ತಿಂಗಳು ಎಂಬುದನ್ನೂ ನೋಡುತ್ತೇವೆ. ಅವೆರಡರ ನಡುವೆ ಎಲ್ಲೋ ಒಂದು ಸಾಲು ಇರುತ್ತದೆ: ಸಂಸ್ಥೆಯು ಕಾಲಕಾಲಕ್ಕೆ ನಿಗದಿಪಡಿಸುವ ಯಾವುದೇ ಪಾಳಿಯಲ್ಲಿ ನೌಕರನು ಕೆಲಸ ಮಾಡತಕ್ಕದ್ದು. ಈ ಸಾಲನ್ನು ಹೆಚ್ಚಿನವರು ಓದದೆಯೇ ಸಹಿ ಹಾಕುತ್ತಾರೆ. ಮಗುವನ್ನು ಶಾಲೆಗೆ ಬಿಡುವವರು ಯಾರು, ಪೋಷಕರ ಸಭೆಗೆ ಹೋಗುವವರು ಯಾರು, ಹಗಲಿನಲ್ಲಿ ಮನೆಯೊಳಗೆ ಸದ್ದು ಮಾಡಬಾರದ ವಾರ ಯಾವುದು, ಇವೆಲ್ಲ ಮುಂದೆ ನಿರ್ಧಾರವಾಗುವುದು ಆ ಸಾಲಿನಿಂದಲೇ. ಆದುದರಿಂದ ಸರದಿಯಂತೆ ಮರಳಿ ಬರುವ ಪಾಳಿಗಳನ್ನು ಉದ್ಯೋಗದ ಒಪ್ಪಂದಗಳಲ್ಲಿ ಹೇಗೆ ವ್ಯಾಖ್ಯಾನಿಸಲಾಗುತ್ತದೆ, ಹೇಗೆ ವ್ಯಾಖ್ಯಾನಿಸಿದರೆ ಅದು ಓದುವವನಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ಕೊಂಚ ವಿಸ್ತಾರವಾಗಿ ನೋಡುತ್ತೇವೆ.

ಮೊದಲು ಪದಗಳು. 1948ರ ಕಾರ್ಖಾನೆ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿಯೇ ಈ ಎರಡು ಮಾತುಗಳನ್ನು ಬಿಡಿಸಿಟ್ಟಿತು. ಒಂದೇ ಬಗೆಯ ಕೆಲಸವನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಎರಡು ಅಥವಾ ಹೆಚ್ಚು ಗುಂಪುಗಳ ಕಾರ್ಮಿಕರು ಮಾಡಿದಾಗ, ಪ್ರತಿಯೊಂದು ಗುಂಪು ಒಂದು ತಂಡ. ಅಂಥ ಪ್ರತಿಯೊಂದು ಅವಧಿ ಒಂದು ಪಾಳಿ. ಅಂದರೆ ತಂಡವೆಂದರೆ ಜನ, ಪಾಳಿಯೆಂದರೆ ಹೊತ್ತು. ಈ ವ್ಯತ್ಯಾಸ ಚಿಕ್ಕದೆನಿಸಿದರೂ ಮುಂದಿನ ಎಲ್ಲ ಲೆಕ್ಕವೂ ನಿಂತಿರುವುದು ಇದರ ಮೇಲೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ಓದುಗರಿಗೆ ಪದದ ತೊಡಕಿಲ್ಲ. ಮರಾಠಿಯಲ್ಲಿಯೂ ದಿವಸ ಪಾಳಿ, ರಾತ್ರ ಪಾಳಿ ಎಂದೇ ಹೇಳುತ್ತಾರೆ. ಹೊಸೂರಿನಲ್ಲಿ ಎಲ್ಲ ಭಾಷೆಯವರ ಬಾಯಲ್ಲೂ ಅದು ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್.

ಪಾಳಿಯ ಏರ್ಪಾಡು ಎರಡು ಬಗೆ. ಒಂದರಲ್ಲಿ ತಂಡಕ್ಕೆ ಒಂದೇ ಪಾಳಿ ಖಾಯಂ. ಬೆಳಗಿನವರು ಯಾವಾಗಲೂ ಬೆಳಗಿನವರೇ. ಇನ್ನೊಂದರಲ್ಲಿ ತಂಡಗಳು ಮೊದಲೇ ಗೊತ್ತುಮಾಡಿದ ಕಾಲಕ್ರಮದಲ್ಲಿ ಪಾಳಿಯಿಂದ ಪಾಳಿಗೆ ಸರಿಯುತ್ತವೆ. ಈ ಎರಡನೆಯ ಬಗೆಗೆ ಅದೇ ಕಾಯಿದೆಯ 61ನೆಯ ಕಲಂ ಒಂದು ಷರತ್ತು ಹಾಕಿತ್ತು. ಇಂಥ ಏರ್ಪಾಡಿರುವಲ್ಲಿ ವ್ಯವಸ್ಥಾಪಕನು ಒಂದು ಪಾಳಿ ಯೋಜನೆಯನ್ನು ಸಿದ್ಧಪಡಿಸಬೇಕು. ಆ ಯೋಜನೆಯನ್ನು ನೋಡಿದರೆ ಯಾವ ದಿನವನ್ನೇ ಕೇಳಲಿ, ಆ ದಿನದ ಯಾವ ಹೊತ್ತಿನಲ್ಲಿ ಯಾವ ತಂಡ ಕೆಲಸದಲ್ಲಿರುತ್ತದೆಂಬುದು ತಿಳಿಯುವಂತಿರಬೇಕು. ನಮ್ಮ ದೃಷ್ಟಿಯಲ್ಲಿ ಸರದಿ ಪಾಳಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇಲ್ಲ. ಯಾವ ದಿನವನ್ನು ಕೇಳಿದರೂ ಉತ್ತರ ಹೇಳಬಲ್ಲದ್ದು ಪಾಳಿಪಟ್ಟಿ. ಹೇಳಲಾರದ್ದು ಬರಿಯ ಅಪ್ಪಣೆ. ಪ್ರತಿ ಶನಿವಾರ ಸಂಜೆ ಮೊಬೈಲಿಗೆ ಬರುವ ಮುಂದಿನ ವಾರದ ಹೆಸರುಗಳ ಚಿತ್ರವನ್ನು ಎಲ್ಲರೂ ಪಾಳಿಪಟ್ಟಿಯೆಂದೇ ಕರೆಯುತ್ತಾರಾದರೂ, ಮುಂದಿನ ತಿಂಗಳ ಒಂದು ದಿನವನ್ನು ಕೇಳಿದರೆ ಅದು ಸುಮ್ಮನಿರುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ, ಸ್ಥಾಯಿ ಆದೇಶಗಳ ಕಾಯಿದೆ ಹಾಗೂ ಕೈಗಾರಿಕಾ ವಿವಾದಗಳ ಕಾಯಿದೆಗಳ ಜಾಗಕ್ಕೆ ಅದೇ ವರ್ಷದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಬಂದಿವೆ. ಕೆಲಸದ ಅವಧಿಗಳನ್ನು ದಿನದಿನಕ್ಕೂ ಸ್ಪಷ್ಟವಾಗಿ ತೋರಿಸುವ ಸೂಚನೆಯನ್ನು ಪ್ರದರ್ಶಿಸಬೇಕೆಂಬ ನಿಯಮ, ಒಂದೇ ಕೆಲಸಕ್ಕೆ ಎರಡು ತಂಡಗಳ ಪಾಳಿ ಒಂದರ ಮೇಲೊಂದು ಬೀಳಬಾರದೆಂಬ ನಿಯಮ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ, ಇವು ಹೊಸದರಲ್ಲಿಯೂ ಉಳಿದಿವೆ. ಹಳೆಯ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇಟ್ಟಿತ್ತು. ಹೊಸ ಸಂಹಿತೆ ದಿನಕ್ಕೆ 8 ಗಂಟೆ ಎನ್ನುತ್ತದೆ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕೆಂಬುದು ಹೊಸದಾಗಿ ಸೇರಿದ ಕಟ್ಟಳೆ. ಪತ್ರವಂತೂ ಕೈಗೆ ಬರುತ್ತದೆ. ಅದರೊಳಗೆ ಪಾಳಿಯ ಬಗ್ಗೆ ಏನಿದೆಯೆಂಬುದು ಈಗಿನ ಪ್ರಶ್ನೆ.

ಸರಿಯಾಗಿ ಬರೆದ ಒಪ್ಪಂದದಲ್ಲಿ ಮೊದಲು ಕಾಣಬೇಕಾದ್ದು ತಂಡಗಳ ಸಂಖ್ಯೆ. ಏಕೆಂದರೆ ಅದೊಂದರಿಂದಲೇ ಉಳಿದದ್ದು ಸಾಧ್ಯವೋ ಅಲ್ಲವೋ ತಿಳಿಯುತ್ತದೆ. ವಾರಕ್ಕೆ 168 ಗಂಟೆ. ಭಾನುವಾರವೂ ನಿಲ್ಲದೆ ಯಂತ್ರ ಓಡುವ ಕಾರ್ಖಾನೆಯಲ್ಲಿ ಮೂರೇ ತಂಡಗಳಿದ್ದರೆ ತಂಡವೊಂದರ ಪಾಲಿಗೆ 56 ಗಂಟೆ ಬೀಳುತ್ತದೆ. ದಿನಕ್ಕೆ ಅರ್ಧ ಗಂಟೆಯ ಊಟದ ಬಿಡುವನ್ನು ಕಳೆದರೂ 52 ಗಂಟೆ 30 ನಿಮಿಷ. ಮಿತಿಯಾದ 48ನ್ನು ಅದು ದಾಟುತ್ತದೆ. ನಾಲ್ಕನೆಯ ತಂಡ ಸೇರಿದರೆ ತಂಡಕ್ಕೆ 42 ಗಂಟೆ. ಹೀಗಾಗಿ ವಾರದ ಏಳು ದಿನವೂ ಮೂರು ಪಾಳಿ ನಡೆಯುವ ಕಡೆ ಮೂರೇ ತಂಡವೆಂದು ಯಾರಾದರೂ ಹೇಳಿದರೆ, ಒಂದೋ ಬದಲಿ ಜನರಿದ್ದಾರೆ, ಇಲ್ಲವೇ ಓವರ್‌ಟೈಮನ್ನು ಪಟ್ಟಿಯೊಳಗೇ ಹೊಲಿದಿದ್ದಾರೆ. ಎರಡನೆಯದಾದರೆ ಆ ಗಂಟೆಗಳ ಎರಡು ಪಟ್ಟು ಕೂಲಿ ಸಂಬಳ ಚೀಟಿಯಲ್ಲಿ ಬೇರೆಯಾಗಿ ಕಾಣಬೇಕು.

ಊಟದ ಬಿಡುವಿನ ಲೆಕ್ಕವೂ ಹೀಗೆಯೇ. ಎಂಟು ಗಂಟೆಯ ಪಾಳಿಯ ಒಳಗೆ ಅರ್ಧ ಗಂಟೆಯೋ, ಎಂಟು ಗಂಟೆಯ ಮೇಲೆ ಅರ್ಧ ಗಂಟೆಯೋ? ಮೇಲೆಂದಾದರೆ ಪಾಳಿಯೊಂದಕ್ಕೆ ಎಂಟೂವರೆ ಗಂಟೆ, ಮೂರು ಪಾಳಿಗೆ ಇಪ್ಪತ್ತೈದೂವರೆ. ದಿನಕ್ಕಿರುವುದು ಇಪ್ಪತ್ತನಾಲ್ಕೇ. ಆದ್ದರಿಂದಲೇ ಮೂರು ಪಾಳಿಯ ಕಾರ್ಖಾನೆಗಳಲ್ಲಿ ಆರು, ಎರಡು, ಹತ್ತು ಎಂಬ ಗಂಟೆಗಳು ಅಷ್ಟೊಂದು ಸಾಮಾನ್ಯ. ಬಿಡುವು ಒಳಗೇ ಅಡಗಿರುತ್ತದೆ.

ಇನ್ನು ಸುತ್ತು. ಎಷ್ಟು ದಿನಗಳ ನಂತರ ಪಟ್ಟಿ ಮೊದಲಿನಿಂದ ಆರಂಭವಾಗುತ್ತದೆ ಎಂಬುದು ಸುತ್ತಿನ ಉದ್ದ. ಭಾನುವಾರ ಬಾಗಿಲು ಮುಚ್ಚುವ ಕಾರ್ಖಾನೆಯಲ್ಲಿ ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ ಎಂದರೆ 21 ದಿನಗಳ ಸುತ್ತು. ಇದು ವಾರದ ಲೆಕ್ಕಕ್ಕೆ ಹೊಂದಿಕೊಳ್ಳುವುದರಿಂದ ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ನಿಲ್ಲದೆ ಓಡುವ ಕಾರ್ಖಾನೆಗಳಲ್ಲಿ ಸುತ್ತು ವಾರಕ್ಕೆ ಹೊಂದುವುದಿಲ್ಲ. ನಾಲ್ಕು ತಂಡಗಳಿರುವಲ್ಲಿ ಎರಡು ದಿನ ಬೆಳಿಗ್ಗೆ, ಎರಡು ದಿನ ಮಧ್ಯಾಹ್ನ, ಎರಡು ದಿನ ರಾತ್ರಿ, ಎರಡು ದಿನ ರಜೆ ಎಂಬ ಎಂಟು ದಿನಗಳ ಸುತ್ತನ್ನು ತೆಗೆದುಕೊಳ್ಳೋಣ. ಎಂಟು ದಿನಗಳಲ್ಲಿ 48 ಗಂಟೆ, ವಾರದ ಸರಾಸರಿ 42. ಯಾವ ಏಳು ದಿನಗಳನ್ನು ಎಣಿಸಿದರೂ ಅದರಲ್ಲಿ ಒಂದಾದರೂ ರಜೆ ಸಿಗುತ್ತದೆ. ವಾರದ ರಜೆಯ ನಿಯಮಕ್ಕೆ ಭಂಗವಿಲ್ಲ. ಆದರೆ ರಜೆ ಪ್ರತಿ ಸುತ್ತಿಗೆ ಒಂದು ವಾರ ದಿನ ಮುಂದಕ್ಕೆ ಜಾರುತ್ತದೆ. ಸುತ್ತು ಮತ್ತು ವಾರ ಮತ್ತೆ ಒಂದೆಡೆ ಕೂಡುವುದು 56 ದಿನಗಳ ಮೇಲೆ. ಆ ಎಂಟು ಭಾನುವಾರಗಳಲ್ಲಿ ರಜೆಯಾಗಿ ಸಿಗುವುದು ಎರಡು ಮಾತ್ರ. ಮದುವೆ ಮುಂಜಿ, ಊರ ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳುವ ನಮ್ಮ ಮನೆಗಳಿಗೆ ಈ ಎರಡು ಎಂಬ ಅಂಕಿ ಸಂಬಳದ ಅಂಕಿಯಷ್ಟೇ ಮುಖ್ಯ. ಅದನ್ನು ಯಾವ ನೇಮಕಾತಿ ಪತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಎಣಿಸಿಕೊಳ್ಳಬೇಕು.

ಎಣಿಸಿಕೊಳ್ಳಬೇಕಾದರೆ ಸುತ್ತಿನ ಉದ್ದ ಮಾತ್ರ ಸಾಲದು, ಸುತ್ತು ಶುರುವಾದ ದಿನಾಂಕ ಬೇಕು. ಒಪ್ಪಂದಗಳಲ್ಲಿ ಅತಿ ಹೆಚ್ಚಾಗಿ ಬಿಟ್ಟುಹೋಗುವ ಅಂಶ ಇದೇ ಎಂದು ನಮಗೆ ತೋರುತ್ತದೆ. ‘ಎಂಟು ದಿನಗಳ ಸರದಿ’ ಎಂದಷ್ಟೇ ಬರೆದರೆ ಇಂದು ಸುತ್ತಿನ ಎಷ್ಟನೆಯ ದಿನವೆಂದು ಯಾರೂ ಹೇಳಲಾರರು. 2026ರ ಜೂನ್ 1ರಂದು ಮೊದಲ ತಂಡದ ಮೊದಲ ಬೆಳಗಿನ ಪಾಳಿ ಎಂದು ಬರೆದಿದ್ದರೆ ಐದನೆಯ ತರಗತಿಯ ಮಗುವೂ ಉಳಿದದ್ದನ್ನು ಹೇಳಬಲ್ಲದು. ಆ ವರ್ಷದ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಮೊದಲ ತಂಡದಲ್ಲಿರುವ ಅಪ್ಪ ಬರಬಹುದೇ? ಜೂನ್ 1ರಿಂದ ನವೆಂಬರ್ 14ಕ್ಕೆ 166 ದಿನ. ಎಂಟರಿಂದ ಭಾಗಿಸಿದರೆ ಇಪ್ಪತ್ತು ಸುತ್ತು ಮುಗಿದು ಆರು ಉಳಿಯುತ್ತದೆ. ಶೇಷ ಸೊನ್ನೆ ಅಥವಾ ಒಂದಾದರೆ ಬೆಳಿಗ್ಗೆ, ಎರಡು ಮೂರಾದರೆ ಮಧ್ಯಾಹ್ನ, ನಾಲ್ಕು ಐದಾದರೆ ರಾತ್ರಿ, ಆರು ಏಳಾದರೆ ರಜೆ. ಅಪ್ಪನಿಗೆ ಅಂದು ರಜೆ. ಆದರೆ ಹಿಂದಿನ ರಾತ್ರಿಯ ಪಾಳಿ ಮುಗಿಸಿ ಅವರು ಕಾರ್ಖಾನೆಯ ಗೇಟು ದಾಟುವುದು ಅದೇ ಬೆಳಿಗ್ಗೆ ಆರು ಗಂಟೆಗೆ ಎಂಬುದನ್ನೂ ಲೆಕ್ಕವೇ ಹೇಳುತ್ತದೆ. ಹತ್ತು ಗಂಟೆಯ ಕಾರ್ಯಕ್ರಮದಲ್ಲಿ ಅವರು ತೂಕಡಿಸಿದರೆ ಮಗು ಮುನಿಸಿಕೊಳ್ಳಬಾರದು.

ಈ ಲೆಕ್ಕವನ್ನು ಕೆಡಿಸುವ ಒಂದು ಸಂಗತಿಯಿದೆ. ಆಯುಧಪೂಜೆಗೋ ಪೊಂಗಲ್‌ಗೋ ಯಂತ್ರಗಳ ದುರಸ್ತಿಗೋ ಕಾರ್ಖಾನೆ ಎರಡು ದಿನ ಮುಚ್ಚಿತೆನ್ನಿ. ಆ ಎರಡು ದಿನ ಸುತ್ತು ಉರುಳುತ್ತಲೇ ಇರುತ್ತದೆಯೋ, ನಿಂತು ಬಾಗಿಲು ತೆರೆದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆಯೋ? ಉರುಳಿದರೆ ಒಂದು ತಂಡದ ರಜೆ ಮುಚ್ಚಿದ ದಿನಗಳಲ್ಲಿಯೇ ಕರಗಿಹೋಗುತ್ತದೆ. ನಿಂತರೆ ವರ್ಷದ ಕ್ಯಾಲೆಂಡರನ್ನೆಲ್ಲ ಮತ್ತೆ ಬರೆಯಬೇಕು. ಎರಡೂ ನ್ಯಾಯವೇ, ಯಾವುದೆಂದು ಮೊದಲೇ ಬರೆದಿದ್ದರೆ. ಬರೆಯದಿದ್ದಲ್ಲಿ ಪ್ರತಿ ಹಬ್ಬದ ಮಾರನೆಯ ದಿನ ತಂಡಗಳ ನಡುವೆ ಜಗಳ ಹುಟ್ಟುತ್ತದೆ.

ಸುತ್ತಿನ ದಿಕ್ಕನ್ನೂ ಗಮನಿಸಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಸರಿದರೆ ಅದು ಮುನ್ನಡೆ. ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿದವನು ಮರುದಿನ ಎರಡು ಗಂಟೆಗೆ ಬಂದರೆ ಸಾಕು, ನಡುವೆ ಪೂರ್ತಿ 24 ಗಂಟೆ. ದಿಕ್ಕು ತಿರುಗಿ ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಬಂದರೆ, ರಾತ್ರಿ ಹತ್ತಕ್ಕೆ ಹೊರಬಿದ್ದವನು ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಗೇಟಿನಲ್ಲಿರಬೇಕು. ನಡುವೆ ಎಂಟೇ ಗಂಟೆ. ಅದರಲ್ಲಿ ಕಂಪನಿ ಬಸ್ಸಿನ ದಾರಿ, ಊಟ, ಸ್ನಾನ ಕಳೆದು ಉಳಿದದ್ದು ನಿದ್ದೆ. ಹೊಸೂರಿನಿಂದ ದೂರದ ತಳಿ, ಡೆಂಕಣಿಕೋಟೆಯ ಹಳ್ಳಿಗಳಿಂದ ಬಂದು ಹೋಗುವವರಿಗೆ ಅದು ಎಷ್ಟು ಉಳಿಯುತ್ತದೆಂದು ಬೇರೆ ಹೇಳಬೇಕಿಲ್ಲ. ಎರಡು ಪಾಳಿಗಳ ನಡುವೆ ಇಷ್ಟು ಗಂಟೆ ಬಿಡುವಿರಲೇಬೇಕೆಂದು ಕಾರ್ಖಾನೆ ಕಾಯಿದೆ ನೇರವಾಗಿ ಅಂಕಿ ಹಾಕಿರಲಿಲ್ಲ. ಪಾಳಿ ಬದಲಾಗುವ ಸಂದರ್ಭದಲ್ಲಿ ಮುಖ್ಯ ನಿರೀಕ್ಷಕರ ಅನುಮತಿಯಿದ್ದರೆ ದಿನದ ಮಿತಿಯನ್ನು ಮೀರಲಿಕ್ಕೂ ಅದು ಎಡೆಮಾಡಿತ್ತು. ಆದುದರಿಂದ ಈ ಅಂಕಿ ಬರಬೇಕಾದದ್ದು ಒಪ್ಪಂದದಿಂದ, ಕಾರ್ಮಿಕ ಸಂಘವು ಆಡಳಿತದೊಡನೆ ಮಾಡಿಕೊಳ್ಳುವ ಕರಾರಿನಿಂದ.

ರಾತ್ರಿ ಪಾಳಿಯವರ ರಜೆಗೆ ಕಾನೂನು ಬೇರೆಯೇ ಅಳತೆ ಇಟ್ಟಿದೆ. ಪಾಳಿ ನಡುರಾತ್ರಿಯನ್ನು ದಾಟಿದಾಗ ಪೂರ್ಣ ದಿನದ ರಜೆಯೆಂದರೆ ಪಾಳಿ ಮುಗಿದ ಕ್ಷಣದಿಂದ ಒಟ್ಟಿಗೆ 24 ಗಂಟೆ. ನಡುರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ಮೇಲೆ ಹೇಳಿದ 21 ದಿನಗಳ ಸುತ್ತಿನಲ್ಲಿ ಶನಿವಾರ ರಾತ್ರಿ ಹತ್ತಕ್ಕೆ ಹೋದವನು ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತಾನೆ, ಸೋಮವಾರ ಬೆಳಿಗ್ಗೆ ಆರಕ್ಕೆ ಬೆಳಗಿನ ಪಾಳಿಗೆ ಹಾಜರಾಗಬೇಕು. ಕಾನೂನಿನ 24 ಗಂಟೆ ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲದೆ ಸಂದಿತು. ಭಾನುವಾರದ ಹಗಲು ನಿದ್ದೆಗೆ ಹೋಯಿತು, ಸಂಜೆ ಮಾರನೆಯ ನಸುಕಿನ ತಯಾರಿಗೆ. ರಾತ್ರಿ ವಾರದ ನಂತರ ಬರುವ ಸೋಮವಾರವನ್ನು ಮಧ್ಯಾಹ್ನದ ಪಾಳಿಯಿಂದ ಆರಂಭಿಸುವಂತೆ ಪಟ್ಟಿಯನ್ನು ಹೆಣೆಯಬಹುದು. ಆದರೆ ಆಗ ದಿಕ್ಕು ಹಿಮ್ಮೊಗವಾಗುತ್ತದೆ, ಮುಂದಿನ ವಾರಗಳ ಬದಲಾವಣೆಯನ್ನು ಆ ದೃಷ್ಟಿಯಿಂದ ಮತ್ತೆ ನೋಡಬೇಕಾಗುತ್ತದೆ.

ಪಟ್ಟಿ ಎಷ್ಟೇ ಚೆನ್ನಾಗಿರಲಿ, ಅದನ್ನು ಬದಲಿಸುವ ಅಧಿಕಾರ ಯಾರಿಗೆ, ಎಷ್ಟು ಮುನ್ಸೂಚನೆಯ ಮೇಲೆ ಎಂಬುದು ತಿಳಿಯದಿದ್ದರೆ ಪ್ರಯೋಜನವಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 9ಎ ಕಲಂ, ಸೇವಾ ಷರತ್ತುಗಳಲ್ಲಿ ಕೆಲವನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸು ಕೊಡಬೇಕೆಂದಿತ್ತು; ಹೊಸ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆ ಷರತ್ತುಗಳ ಪಟ್ಟಿಯಲ್ಲಿ ಕೆಲಸದ ಗಂಟೆಗಳು ಮತ್ತು ಬಿಡುವು ಇವೆ. ಪಾಳಿಗಳ ಆರಂಭ, ಬದಲಾವಣೆ, ನಿಲುಗಡೆಯೂ ಇದೆ, ಆದರೆ ಒಂದು ಬಾಲವಿದೆ: ‘ಸ್ಥಾಯಿ ಆದೇಶಗಳಿಗೆ ಅನುಸಾರವಾಗಿ ಅಲ್ಲದೆ’ ಮಾಡಿದ ಬದಲಾವಣೆಗೆ ಮಾತ್ರ. ಸ್ಥಾಯಿ ಆದೇಶಗಳೆಂದರೆ ಸಂಸ್ಥೆಯು ಸರ್ಕಾರದ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಂಡ ಒಳನಿಯಮಗಳು. ಕೇಂದ್ರದ ಹಳೆಯ ಮಾದರಿ ಸ್ಥಾಯಿ ಆದೇಶದಲ್ಲಿಯೇ ಒಂದಕ್ಕಿಂತ ಹೆಚ್ಚು ಪಾಳಿ ನಡೆಸುವುದು ಮಾಲೀಕರ ವಿವೇಚನೆಗೆ ಬಿಟ್ಟದ್ದೆಂದೂ, ಕಾರ್ಮಿಕನನ್ನು ಒಂದು ಪಾಳಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದೆಂದೂ ಇತ್ತು. ಒಳನಿಯಮದಲ್ಲಿ ಇಂಥ ಸಾಲಿದ್ದಾಗ ಅದರಂತೆ ಮಾಡಿದ ಬದಲಾವಣೆಗೆ 21 ದಿನಗಳ ರಕ್ಷಣೆ ಸಿಗುವುದು ಕಷ್ಟ. ನೇಮಕಾತಿ ಪತ್ರದ ಆ ‘ಯಾವುದೇ ಪಾಳಿ’ ಎಂಬ ಸಾಲು ಹುಟ್ಟಿದ್ದು ಈ ಮನೆತನದಲ್ಲಿಯೇ.

ಇಲ್ಲಿ ಹೊಸ ಸಂಹಿತೆ ಒಂದು ಗುರುತರ ವ್ಯತ್ಯಾಸ ತಂದಿದೆ. ಹಳೆಯ ಕಾಯಿದೆಯಂತೆ ಸಾಮಾನ್ಯವಾಗಿ 100 ಕಾರ್ಮಿಕರಿರುವ ಸಂಸ್ಥೆಗೆ ಸ್ಥಾಯಿ ಆದೇಶಗಳು ಅನ್ವಯಿಸುತ್ತಿದ್ದವು. ಈಗ ಆ ಮಿತಿ 300. ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಘಟಕಗಳು ಹಲವು ಇದರ ಕೆಳಗೆ ಬರುತ್ತವೆ. ಅಲ್ಲಿ ಪಾಳಿಯ ಬಗ್ಗೆ ಕಾರ್ಮಿಕನ ಕೈಯಲ್ಲಿ ಬರಹದಲ್ಲಿ ಇರುವುದು ನೇಮಕಾತಿ ಪತ್ರ ಒಂದೇ ಆಗಬಹುದು. ಸಹಿ ಹಾಕುವ ಮುನ್ನ ಆ ಸಾಲಿನ ಪಕ್ಕದಲ್ಲಿ ಸುತ್ತಿನ ಉದ್ದ, ತಂಡ, ಆರಂಭದ ದಿನಾಂಕ, ಬದಲಾವಣೆಗೆ ಎಷ್ಟು ದಿನದ ಮುನ್ಸೂಚನೆ ಎಂಬುದನ್ನು ಸೇರಿಸಿಕೊಡಿ ಎಂದು ಕೇಳುವುದರಲ್ಲಿ ಉದ್ಧಟತನವೇನೂ ಇಲ್ಲ. ಕೇಳಿದವರಿಗೆಲ್ಲ ಸಿಗುತ್ತದೆಂದು ನಾವು ಹೇಳುವುದಿಲ್ಲ. ಪತ್ರದಲ್ಲಿ ಸೇರಿಸಲು ಒಪ್ಪದಿದ್ದರೆ ಆ ವರ್ಷದ ಪಾಳಿ ಕ್ಯಾಲೆಂಡರಿನ ಪ್ರತಿಯನ್ನಾದರೂ ಕೇಳಿ ಪಡೆದಿಟ್ಟುಕೊಳ್ಳಬಹುದು.

ಒಪ್ಪಿಗೆಯ ಪ್ರಶ್ನೆ ಗಡಿಯ ಎರಡು ಬದಿಗಳಲ್ಲಿ ಎರಡು ರೀತಿ ಕಂಡದ್ದು 2023ರಲ್ಲಿ. ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ಎಡೆಮಾಡುವಂತೆ ಕರ್ನಾಟಕವು ಕಾರ್ಖಾನೆ ಕಾಯಿದೆಗೆ ಆ ವರ್ಷ ತಿದ್ದುಪಡಿ ತಂದಿತು. ಅದೇ ಏಪ್ರಿಲಿನಲ್ಲಿ ತಮಿಳುನಾಡು ವಿಧಾನಸಭೆಯೂ ಅದೇ ದಿಕ್ಕಿನ ಮಸೂದೆಯನ್ನು ಅಂಗೀಕರಿಸಿತಾದರೂ, ವಿರೋಧ ಎದ್ದಾಗ ತಡೆಹಿಡಿದು, ಮೇ ದಿನದಂದು ಮುಖ್ಯಮಂತ್ರಿಗಳು ಅದನ್ನು ಹಿಂಪಡೆದುದಾಗಿ ಪ್ರಕಟಿಸಿದರು. ಹೊಸೂರಿನಲ್ಲಿ ಮನೆ, ಅತ್ತಿಬೆಲೆಯಲ್ಲಿ ಕೆಲಸ ಎಂಬಂತಿರುವವರಿಗೆ ಅನ್ವಯಿಸುವುದು ಕಾರ್ಖಾನೆಯಿರುವ ರಾಜ್ಯದ ನಿಯಮ, ಮನೆಯಿರುವ ರಾಜ್ಯದ್ದಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಹೊಸ ಸಂಹಿತೆ ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮುಂಚೆ ಕೆಲಸ ಮಾಡಿಸಲು ಅವರ ಒಪ್ಪಿಗೆ ಬೇಕೆನ್ನುತ್ತದೆ, ಸುರಕ್ಷತೆಯ ಷರತ್ತುಗಳನ್ನೂ ಹಾಕುತ್ತದೆ. ಈ ಒಪ್ಪಿಗೆಯನ್ನು ಬೇರೆ ಕಾಗದದಲ್ಲಿ ಕೇಳುತ್ತಾರೋ, ನೇಮಕಾತಿ ಪತ್ರದ ಸಾಲೊಂದರೊಳಗೆ ಮಡಿಸಿ ಇಟ್ಟಿದ್ದಾರೋ ನೋಡಿಕೊಳ್ಳಬೇಕು. ಅಂಗಡಿ, ಹೋಟೆಲುಗಳಿಗೆ ಆಯಾ ರಾಜ್ಯದ ಅಂಗಡಿ ಕಾಯಿದೆಗಳಿವೆ: ಕೇರಳದ 1960ರ ಕಾಯಿದೆ ದಿನಕ್ಕೆ 8 ಗಂಟೆ ಎನ್ನುತ್ತದೆ, ಮಹಾರಾಷ್ಟ್ರದ 2017ರ ಕಾಯಿದೆ ಮೂಲದಲ್ಲಿ 9 ಗಂಟೆ ಎಂದಿತ್ತು, ವಾರದ ಮಿತಿ ಎರಡರಲ್ಲಿಯೂ 48. ಇನ್ನು ‘ಬದಲಿ’. ಗಿರಣಿಗಳ ಕಾಲದಿಂದ ಬಂದ ಈ ಪದ ಸ್ಥಾಯಿ ಆದೇಶಗಳ ಇಂಗ್ಲಿಷಿನೊಳಗೂ ಹಾಗೆಯೇ ಉಳಿದುಕೊಂಡಿತು. ಗೈರುಹಾಜರಾದವನ ಜಾಗದಲ್ಲಿ ನಿಲ್ಲುವವನೇ ಬದಲಿ. ಅವನಿಗೆ ಸ್ವಂತದ ಸರದಿಯೆಂಬುದಿಲ್ಲ.

ಕೊನೆಯದಾಗಿ ನಮಗೆ ಹತ್ತಿರದ ಸಂಗತಿ, ಪಟ್ಟಿಯ ಭಾಷೆ. ಕಾರ್ಖಾನೆ ಕಾಯಿದೆಯ 108ನೆಯ ಕಲಮೂ 1946ರ ಸ್ಥಾಯಿ ಆದೇಶಗಳ ಕಾಯಿದೆಯೂ ಸೂಚನೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಗೇಟಿನ ಬಳಿ ಇರಬೇಕೆಂದು ಹೇಳಿದವು. ಹೆಚ್ಚಿನವರ ಭಾಷೆ ಎಂದಾಗ ಹೊಸೂರಿನಲ್ಲಿ ಅದು ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು ಆಗುವುದು ಸಹಜ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಆಶ್ವಾಸನೆಯನ್ನು ಮಗುವಿನ ಪ್ರಾಥಮಿಕ ಶಾಲೆಗೆ ಕೊಟ್ಟಿತು. ತಂದೆಯ ಕಾರ್ಖಾನೆಯ ಫಲಕಕ್ಕೆ ಅಲ್ಲ. ಆದರೆ ಲೆಕ್ಕ ಇಟ್ಟಿರುವುದು ಆ ಒಂದು ಗೇಟಿನೊಳಗಿನ ಕಾರ್ಮಿಕರದು, ಜಿಲ್ಲೆಯದಲ್ಲ ಎಂಬುದನ್ನು ಗಮನಿಸಬೇಕು. ಕನ್ನಡದವರೇ ಹೆಚ್ಚಿರುವ ಒಂದು ಘಟಕದಲ್ಲಿ, ಅದು ಯಾವ ರಾಜ್ಯದಲ್ಲಿಯೇ ಇರಲಿ, ಕನ್ನಡದ ಪಾಳಿಪಟ್ಟಿಯನ್ನು ಕೇಳಲು ಆ ಮಾತುಗಳಲ್ಲಿ ಆಧಾರವಿತ್ತು. ಕೆಲವೇ ಮಂದಿ ಇರುವಲ್ಲಿ ಫಲಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದು, ಸುತ್ತು, ತಂಡ, ಆರಂಭದ ದಿನಾಂಕ ಈ ಮೂರನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಅಂಟಿಸಿದರೆ ಸಾಕು. ಮುಂದಿನ ಭಾಗಾಕಾರವನ್ನು ಮಕ್ಕಳು ಮಾಡುತ್ತಾರೆ.